ಸೇನಾಪತಿ ಗ್ರಾಂಟನ ಕಡೇ ವರುಷ

ಅಮೇರಿಕದಲ್ಲಿ ಗುಲಾಮತನದ ನಿಮಿತ್ತ 1861ರಿಂದ 1865ರ ವರೆಗೆ ನಡೆದ ಅಂತಃಕಲಹದಲ್ಲಿ ಉತ್ತರದವರ ದಂಡನ್ನು ಜಯಕ್ಕೆ ನಡಿಸಿದ ಯುಲಿಸಿಸ್ ಗ್ರಾಂಟನ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರು ಕೇಳಿರಬಹುದು. ಇವನು 1822ನೆಯ ಇಸವಿಯಲ್ಲಿ ತೊಗಲು ಹದಮಾಡುವವನೊಬ್ಬನ ಮಗನಾಗಿ ಹುಟ್ಟಿ, 1869ರಿಂದ 1877ರ ವರೆಗೆ ಆ ದೇಶದ ಅಧ್ಯಕ್ಷನಾಗಿದ್ದನು. ಅವನ ಯುದ್ಧಗಳನ್ನು ಚರಿತ್ರೆಕಾರರಿಗೆ ಬಿಟ್ಟು, ಅವನನ್ನು ಕೊಂದ ಹುಣ್ಣಿನ ಸಂಗತಿಯನ್ನು ಇಲ್ಲಿ ಹೇಳುವೆವು.

1862ರಲ್ಲಿ ಅವನು ಡೊನೆಲ್ಸನ್ ಕೋಟೆಯನ್ನು ಹಿಡಿದಾಗ ಅವನ ಕೈಯಲ್ಲಿ ಚುಟ್ಟವಿತ್ತೆಂಬ ಸುದ್ದಿಯು ಹಬ್ಬಲು, ಜನರು ಅಭಿಮಾನದಿಂದ ಪೆಟ್ಟಿಗೆ ಪೆಟ್ಟಿಗೆಯಾಗಿ ಚುಟ್ಟಗಳನ್ನು ಕಳುಹಿಸಿದರು. ಪ್ರೀತಿಯ ಕಾಣಿಕೆಯೂ ಕೆಲವೊಮ್ಮೆ ಕೇಡಾಗುವದುಂಟು. ಆ ಚಟವು ಇಪ್ಪತ್ತು ವರುಷ ಅವನನ್ನು ಬಿಡಲಿಲ್ಲ.

1884ರಲ್ಲಿ ಪಾಲುಗಾರನೊಬ್ಬನ ಮೋಸದಿಂದ ಅವನ ಹಣವೆಲ್ಲಾ ಹೋಯಿತು. ಆ ಬೇಸಗೆಯಲ್ಲೇ ಸಮುದ್ರತೀರದ ಮನೆಯಲ್ಲಿ ಪೀಚ್ ಎಂಬ ಹಣ್ಣನ್ನು ತಿನ್ನುವಾಗ ಗಂಟಲಲ್ಲಿ ಕುಟುಕಿದಂಥ ನೋವಾಯಿತು. ನೆರೆಮನೆಗೆ ಬಂದಿದ್ದ ವೈದ್ಯನು ನೋಡಿ, ತಡಮಾಡದೆ ತನ್ನ ಮನೆವೈದ್ಯನಿಗೆ ತೋರಿಸಬೇಕೆಂದು ಬುದ್ಧಿಹೇಳಿದನು. ಆದರೆ ಮನೆವೈದ್ಯನು ಯೂರೋಪಿಗೆ ಹೋಗಿದ್ದನು. ಬೇರೊಬ್ಬನನ್ನು ಕರೆಯಬಹುದಾಗಿತ್ತು; ಕರೆಯಲಿಲ್ಲ. ಗುಂಡಿನ ಮಳೆಯಲ್ಲಿ ಕದಲದೆ ನಿಂತವನಿಗೆ ಗಂಟಲುನೋವು ಅಲ್ಪವೆಂದು ತೋರಿತೋ ಏನೋ, ಅವನು ಹಣಕ್ಕೋಸ್ಕರ ಯುದ್ಧದ ವೃತ್ತಾಂತಗಳನ್ನು ಬರೆಯುತ್ತಾ ಕೂತನು. ಹೀಗೆ ನಾಲ್ಕು ತಿಂಗಳು ಕಳೆದವು.

ಅಕ್ಟೋಬರದಲ್ಲಿ ಡಗ್ಲಾಸನೆಂಬ ಗಂಟಲಿನ ವೈದ್ಯನು ಪರೀಕ್ಷಿಸಿದಾಗ ನಾಲಿಗೆಯ ಬುಡದಲ್ಲಿ ಅರ್ಬುದವು ಬೇರೂರಿತ್ತು. ಕೊರಳಿನ ಗ್ರಂಥಿಯೂ ಊದಿತ್ತು. ಕೆಲವು ತಿಂಗಳ ಮೇಲೆ ವೈದ್ಯರು ಕೂಡಿ ಆಲೋಚಿಸಿ, ಶಸ್ತ್ರಕ್ರಿಯೆಯಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸಿದರು.

ಮೊದಲೇ ತೋರಿಸಿದ್ದರೆ ಬದುಕುತ್ತಿದ್ದನೆಂದು ನಾವು ಖಂಡಿತವಾಗಿ ಹೇಳಲಾರೆವು. ಆ ಕಾಲದಲ್ಲಿ ಅಂಥ ಠಾವಿನಲ್ಲಿ ಕತ್ತಿಯಿಡುವದೇ ಅಪಾಯವಾಗಿತ್ತು. ಆದರೆ ಈ ರೋಗದ ನಡೆಯನ್ನು ನೋಡಿರಿ. ಮೊದಲು ಒಂದೇ ಕಡೆಯಲ್ಲಿ ಚಿಕ್ಕದಾಗಿ, ಅನೇಕರಿಗೆ ನೋವನ್ನೂ ಕೊಡದೆ ಅಡಗಿದ್ದು, ಬಳಿಕ ಸುತ್ತಣ ಮಾಂಸವನ್ನು ಕೆಡಿಸಿ, ಕೊರಳಿನ ಗ್ರಂಥಿಗಳಿಗಿಳಿದು, ಅಲ್ಲಿಂದ ಶ್ವಾಸಕೋಶಕ್ಕೂ ಹರಡಬಲ್ಲದು. ಚಿಕ್ಕದಾಗಿರುವಾಗ ಅದನ್ನು ಶಸ್ತ್ರದಿಂದಲೋ ಕಿರಣಗಳಿಂದಲೋ ನಾಶಮಾಡುವದು ಈಗ ಸಾಧ್ಯ; ಹರಡಿದ ಮೇಲೆ ಬಹು ಕಷ್ಟ. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಅಗಿಯುವ ನಮ್ಮ ಹಳ್ಳಿಯವರ ಬಾಯಲ್ಲಿಯೂ ಇದೇ ರೋಗ ಹುಟ್ಟುತ್ತದೆ. ಮೂರು ವಾರಗಳಾದರೂ ಮಾಯದ ಹುಣ್ಣಿಗೆ ಸೊಪ್ಪಿನ ರಸ ಸವರುತ್ತಾ ಕೂಡ್ರದೆ ಆಸ್ಪತ್ರೆಗೆ ಹೋಗತಕ್ಕದ್ದು.

ಗ್ರಾಂಟನಿಗೋ ನೀರು ನುಂಗುವದೂ ಯಾತನೆಯಾಯಿತು. ಕೊಕೇನೆಂಬ ಮದ್ದನ್ನು ಗಂಟಲಿಗೆ ಸವರಿದಾಗ ಮಾತ್ರ ತುಸು ಶಮನವಾಗುತ್ತಿತ್ತು. ಸ್ವರವು ಉಡುಗಿಹೋಗಲು, ಬೇಕಾದದ್ದನ್ನು ಚೀಟಿಗಳಲ್ಲಿ ಬರೆದು ತೋರಿಸುತ್ತಿದ್ದನು. ಆದಾಗ್ಯೂ ಹೆಂಡತಿಮಕ್ಕಳು ದಿಕ್ಕಿಲ್ಲದವರಾಗಬಾರದೆಂದು ಪುಸ್ತಕವನ್ನು ಬಿಡದೆ ಬರೆದು ಮುಗಿಸಿ, ಕೆಲವೇ ದಿನಗಳಲ್ಲಿ, 1885ನೆಯ ಜುಲೈ 23ರಂದು, ಮೌಂಟ್ ಮೆಕ್‌ಗ್ರೆಗರ್ ಎಂಬ ಬೆಟ್ಟದ ಮನೆಯಲ್ಲಿ ತೀರಿಕೊಂಡನು. ಆಗ ಅವನಿಗೆ 63 ವಯಸ್ಸು. ಪುಸ್ತಕದ ಮಾರಾಟದಿಂದ ಅವನ ವಿಧವೆಯಾದ ಜೂಲಿಯಳಿಗೆ ಸುಮಾರು 4,50,000 ಡಾಲರು ದೊರೆಯಿತು.