ಸೂರ್ಯನ ಬೆಳಕನ್ನು ಕಣ್ಣೊಳಗೆ ಇಳಿಸಿದ ವೈದ್ಯ

ಬೀದರ್ ನಗರದ ಕಣ್ಣಿನ ಆಸ್ಪತ್ರೆಗಳಿಗೆ ಭಾಲ್ಕಿ, ಔರಾದ್ ತಾಲ್ಲೂಕುಗಳಿಂದ ಬಸ್ಸು ಹಿಡಿದು ಬರುವವರೆಲ್ಲ ಒಂದು ಕಾಲಕ್ಕೆ ಬಹುಪಾಲು ಪೊರೆ ತೆಗೆಸಿಕೊಳ್ಳಲು ಬರುತ್ತಿದ್ದವರು. ಈಗ ಆ ಸಾಲಿನಲ್ಲಿ ಮಧುಮೇಹದಿಂದ ಅಕ್ಷಿಪಟಲ ಹಾಳಾದವರೂ ಸೇರಿಕೊಂಡಿದ್ದಾರೆ. ಲೇಸರ್ ಮಾಡಿಸಬೇಕು ಎಂದು ವೈದ್ಯರು ತಿಳಿಸಿದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, ಹೋದ ದೃಷ್ಟಿ ಮರಳಿ ಬರುವುದೇ ಎಂಬುದು. ಸಾಮಾನ್ಯವಾಗಿ ಬರುವುದಿಲ್ಲ, ಇರುವ ದೃಷ್ಟಿಯನ್ನು ಉಳಿಸಿಕೊಳ್ಳಬಹುದು, ಅಷ್ಟೆ. ಈ ಉತ್ತರವನ್ನು ಕೇಳಿ ಮುಖ ಬಾಡಿಸಿಕೊಂಡು ಊರಿಗೆ ಮರಳುವವರು, ಮತ್ತೆ ಆಸ್ಪತ್ರೆಯ ಕಡೆ ಸುಳಿಯದವರು ಎಲ್ಲ ಕಡೆಯೂ ಇದ್ದಾರೆ. ಮೇಲ್ನೋಟಕ್ಕೆ ಏನನ್ನೂ ಕೊಡದಂತೆ ಕಾಣುವ, ಆದರೆ ಕುರುಡುತನವನ್ನು ತಡೆಯುವ ಈ ಚಿಕಿತ್ಸೆಗೆ ಅಡಿಪಾಯ ಹಾಕಿದವರು ಜರ್ಮನಿಯ ನೇತ್ರತಜ್ಞ ಗೆರ್ಹಾರ್ಡ್ ಮೈಯರ್-ಶ್ವಿಕೆರಾತ್.

ಕನ್ನಡಿಗರಿಗೆ ಕಣ್ಣಿನ ವೈದ್ಯರೆಂದರೆ ಥಟ್ಟನೆ ನೆನಪಾಗುವವರು ಬೀಳಗಿಯ ಡಾ. ಎಂ.ಸಿ. ಮೋದಿ. 1916ರಲ್ಲಿ ಹುಟ್ಟಿದ ಮೋದಿಯವರು ಊರೂರಿಗೆ ಹೋಗಿ, ಶಿಬಿರಗಳಲ್ಲಿ ಸಾಲುಸಾಲಾಗಿ ಪೊರೆಯ ಶಸ್ತ್ರಚಿಕಿತ್ಸೆ ನಡೆಸಿ ಲಕ್ಷಾಂತರ ಜನರಿಗೆ ಬೆಳಕು ಕಾಣಿಸಿದರು. ಮೈಯರ್-ಶ್ವಿಕೆರಾತ್ ಅವರಿಗಿಂತ ನಾಲ್ಕು ವರ್ಷ ಕಿರಿಯರು. ಇಬ್ಬರೂ ಒಂದೇ ತಲೆಮಾರಿನವರಾದರೂ ಹಿಡಿದ ದಾರಿಗಳು ಬೇರೆ. ಪೊರೆ ಎಂಬುದು ಕಣ್ಣಿನ ಮುಂಭಾಗದ ಮಸೂರ ಮಬ್ಬಾಗುವುದು. ಅದನ್ನು ತೆಗೆದರೆ ಕತ್ತಲೆ ಸರಿಯುತ್ತದೆ. ಅಕ್ಷಿಪಟಲವಾದರೋ ಕಣ್ಣಿನ ಹಿಂಗೋಡೆಗೆ ಅಂಟಿಕೊಂಡ ತೆಳುವಾದ ನರಪದರ. ಅದು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಮೋದಿಯವರ ಚಾಕು ಎಷ್ಟು ಚುರುಕಾಗಿದ್ದರೂ ಅಲ್ಲಿಗೆ ತಲುಪುವಂತಿರಲಿಲ್ಲ.

ಮೈಯರ್-ಶ್ವಿಕೆರಾತ್ ಹುಟ್ಟಿದ್ದು 1920ರ ಜುಲೈ 11ರಂದು, ಇಂದು ವುಪ್ಪರ್ಟಾಲ್ ನಗರದ ಭಾಗವಾಗಿರುವ ಎಲ್ಬರ್‌ಫೆಲ್ಡ್‌ನಲ್ಲಿ. ಅವರು ವೈದ್ಯಕೀಯ ಓದಿದ್ದು ನಾಜಿ ಆಡಳಿತದ ಕಾಲದಲ್ಲಿ. ಯುದ್ಧ ಮುಗಿದ ಬಳಿಕ ಹ್ಯಾಂಬರ್ಗ್‌ನ ಎಪ್ಪೆನ್‌ಡಾರ್ಫ್ ವಿಶ್ವವಿದ್ಯಾಲಯ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಕಿರಿಯ ವೈದ್ಯರಾಗಿ ಕೆಲಸಕ್ಕೆ ನಿಂತರು. 1943ರ ಬಾಂಬ್ ದಾಳಿಗಳಲ್ಲಿ ಅರ್ಧ ಸುಟ್ಟುಹೋದ ನಗರವದು. ಅಲ್ಲಿ ಹೊಸ ಉಪಕರಣಗಳನ್ನು ಕೊಳ್ಳುವ ಮಾತೇ ಇರಲಿಲ್ಲ.

1945ರ ಜುಲೈನಲ್ಲಿ, ಅವರಿಗೆ 25 ತುಂಬುವ ಹೊತ್ತಿಗೆ, ಯುರೋಪಿನಲ್ಲಿ ಸೂರ್ಯಗ್ರಹಣ ಕಾಣಿಸಿತು. ಅದನ್ನು ಬರಿಗಣ್ಣಿನಿಂದ ನೋಡಿದ ಒಬ್ಬ ವೈದ್ಯಕೀಯ ವಿದ್ಯಾರ್ಥಿ, ನೋಟದ ನಡುವೆ ಕಪ್ಪು ಚುಕ್ಕೆ ನಿಂತಿದೆ ಎಂದು ಆಸ್ಪತ್ರೆಗೆ ಬಂದ. ಅವನ ಕಣ್ಣಿನ ಮಸೂರವು ಬಿಸಿಲನ್ನು ಒಂದೆಡೆ ಕೂಡಿಸಿ ಅಕ್ಷಿಪಟಲದ ನಡುಭಾಗವನ್ನು ಸುಟ್ಟಿತ್ತು. ನಮ್ಮ ಹಿರಿಯರು ಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದೆಂದು ಮಕ್ಕಳನ್ನು ಒಳಗೆ ಕೂಡಿಹಾಕುತ್ತಿದ್ದುದು ನೆನಪಾಗುತ್ತದೆ. 1980ರ ಫೆಬ್ರುವರಿ 16ರಂದು ಕರ್ನಾಟಕದ ಮೇಲೆ ಖಗ್ರಾಸ ಗ್ರಹಣ ಹಾದುಹೋದಾಗ ಊರ ಬೀದಿಗಳು ಬಿಕೋ ಎಂದಿದ್ದವು. ಆ ಭಯದಲ್ಲಿ ಎಷ್ಟೇ ಮೂಢನಂಬಿಕೆ ಬೆರೆತಿದ್ದರೂ ಕಣ್ಣಿನ ಮಟ್ಟಿಗೆ ಅದರಲ್ಲಿ ಸತ್ಯವಿತ್ತು.

ಬಂದ ರೋಗಿಗೆ ಮಾಡಬಹುದಾದದ್ದು ಹೆಚ್ಚೇನಿರಲಿಲ್ಲ. ಆದರೆ ಸುಟ್ಟ ಕಲೆಯನ್ನು ನೋಡಿದ ಯುವ ವೈದ್ಯರಿಗೆ ಅದು ಪರಿಚಿತವೆನಿಸಿತು. ಅಕ್ಷಿಪಟಲದಲ್ಲಿ ರಂಧ್ರ ಬಿದ್ದು ಅದು ಗೋಡೆಯಿಂದ ಕಳಚಿಕೊಂಡಾಗ, ರಂಧ್ರದ ಅಂಚನ್ನು ಸುಟ್ಟು ಅಂಟಿಸುವ ಉಪಾಯವನ್ನು ಸ್ವಿಟ್ಜರ್‌ಲೆಂಡಿನ ಜೂಲ್ಸ್ ಗೊನಾನ್ 1920ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ನಂತರ ಅದಕ್ಕೆ ವಿದ್ಯುತ್ತಿನ ಶಾಖ ಬಳಕೆಗೆ ಬಂತು. ಅದಕ್ಕಾಗಿ ಕಣ್ಣುಗುಡ್ಡೆಯನ್ನು ಹೊರಗಿನಿಂದ ಬಿಡಿಸಿ ಹಿಂಬದಿಯನ್ನು ಮುಟ್ಟಬೇಕಾಗಿತ್ತು. ಗ್ರಹಣ ಮಾಡಿದ ಗಾಯವೂ ಅದೇ ಬಗೆಯ ಕಲೆಯನ್ನೇ ಬಿಟ್ಟಿತ್ತು. ಅದೂ ಕಣ್ಣನ್ನು ಕೊಯ್ಯದೆ, ಪಾಪೆಯ ಮೂಲಕವೇ ಒಳಹೊಕ್ಕು. ಆಕಸ್ಮಿಕವಾಗಿ ಸುಡುವ ಬೆಳಕನ್ನು ಬೇಕಾದ ಕಡೆ, ಬೇಕಾದಷ್ಟೇ ಸುಡುವಂತೆ ಪಳಗಿಸಬಹುದಲ್ಲವೆ? ಅವರ ಮುಂದಿನ ಬದುಕೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿತು.

1946ರಲ್ಲಿ ಪ್ರಯೋಗಗಳು ಆರಂಭವಾದವು. ಸಾಧಾರಣ ದೀಪಗಳ ಬೆಳಕು ಸಾಲಲಿಲ್ಲ. ಆಗ ಅವರು ಮೊರೆಹೋದದ್ದು ಸೂರ್ಯನಿಗೇ. ಆಸ್ಪತ್ರೆಯ ಮಾಳಿಗೆಯ ಮೇಲೆ ಸೂರ್ಯನ ಚಲನೆಯನ್ನು ಹಿಂಬಾಲಿಸುವ ಕನ್ನಡಿಯನ್ನಿಟ್ಟು, ಮಸೂರ ಮತ್ತು ಕನ್ನಡಿಗಳ ಮೂಲಕ ಬಿಸಿಲನ್ನು ರೋಗಿಯ ಕಣ್ಣಿಗೆ ಹಾಯಿಸಿದರು. 1949ರಲ್ಲಿ ಅಕ್ಷಿಪಟಲದ ರಂಧ್ರವನ್ನು ಬೆಳಕಿನಿಂದಲೇ ಮುಚ್ಚುವುದು ಸಾಧ್ಯವಾಯಿತು. ಕಣ್ಣಿನೊಳಗಿನ ಶಸ್ತ್ರಕ್ರಿಯೆಯೊಂದನ್ನು ಚಾಕುವಿಲ್ಲದೆ ಮಾಡಿದ ಕ್ಷಣವದು.

ಆದರೆ ಹ್ಯಾಂಬರ್ಗ್ ಮೋಡ ಕವಿದ ಊರು. ಬೀದರ್‌ನ ಬೇಸಿಗೆಯ ಬಿಸಿಲು ಅವರಿಗೆ ಸಿಕ್ಕಿದ್ದರೆ ಕತೆ ಬೇರೆಯಾಗುತ್ತಿತ್ತೇನೋ! ರೋಗಿ ಸಿದ್ಧನಾಗಿ ಮಲಗಿರುವಾಗ ಸೂರ್ಯ ಮರೆಯಾಗಬಹುದಿತ್ತು. ಅದಕ್ಕಾಗಿ ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹೊತ್ತಿಸುವ ಪ್ರಖರ ದೀಪದ ಯಂತ್ರಕ್ಕೆ ಬದಲಾದರು. ಅದು ಬೆಳಕಿನ ಜೊತೆ ಹೊಗೆಯನ್ನೂ ಕಾರುತ್ತಿತ್ತು. ಅದನ್ನಿಟ್ಟುಕೊಂಡೇ ನೂರಾರು ಜನರಿಗೆ ಚಿಕಿತ್ಸೆ ನೀಡಿದರು. 1952ರಲ್ಲಿ ಬಾನ್ ವಿಶ್ವವಿದ್ಯಾಲಯಕ್ಕೆ ಹೋದರು. ಕಾರ್ಲ್ ಝೈಸ್ ಕಂಪನಿಯ ವಿಜ್ಞಾನಿ ಹ್ಯಾನ್ಸ್ ಲಿಟ್‌ಮನ್ ಜೊತೆಗೂಡಿ, 1950ರ ದಶಕದ ಉತ್ತರಾರ್ಧದಲ್ಲಿ ಕ್ಸೆನಾನ್ ಅನಿಲದ ದೀಪವುಳ್ಳ ಯಂತ್ರವನ್ನು ರೂಪಿಸಿದರು. ಅದು ದೇಶದೇಶಗಳ ಆಸ್ಪತ್ರೆಗಳನ್ನು ಸೇರಿತು. 1959ರಲ್ಲಿ ಎಸ್ಸೆನ್ ನಗರದ ನೇತ್ರ ಚಿಕಿತ್ಸಾಲಯದ ಮುಖ್ಯಸ್ಥರಾದರು. ಬೆಳಕಿನ ಚಿಕಿತ್ಸೆಯನ್ನು ಕುರಿತ ಅವರ ಗ್ರಂಥವೂ ಅದೇ ವರ್ಷ ಹೊರಬಂದಿತು.

ಈ ಕ್ಸೆನಾನ್ ಯಂತ್ರದಿಂದಲೇ ಮಧುಮೇಹಿಗಳ ಅಕ್ಷಿಪಟಲಕ್ಕೆ ಚಿಕಿತ್ಸೆ ಆರಂಭವಾಯಿತು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಕಣ್ಣಿನ ಸೂಕ್ಷ್ಮ ರಕ್ತನಾಳಗಳು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಆಮ್ಲಜನಕ ಸಿಗದ ಅಕ್ಷಿಪಟಲವು ಹೊಸ ನಾಳಗಳಿಗಾಗಿ ಸಂಕೇತ ಕಳುಹಿಸುತ್ತದೆ. ಹಾಗೆ ಹುಟ್ಟುವ ನಾಳಗಳು ಬಲಹೀನ. ಒಡೆದು ಕಣ್ಣಿನೊಳಗೆ ರಕ್ತ ತುಂಬಿಸುತ್ತವೆ. ಅಂಚಿನ ಭಾಗವನ್ನು ನೂರಾರು ಚುಕ್ಕೆಗಳಾಗಿ ಸುಟ್ಟರೆ ಆಮ್ಲಜನಕದ ಬೇಡಿಕೆ ತಗ್ಗಿ, ಹೊಸ ನಾಳಗಳು ಬಾಡುತ್ತವೆ, ಓದುವ, ಮುಖ ಗುರುತಿಸುವ ನಡುಭಾಗ ಉಳಿಯುತ್ತದೆ. ಒಂದು ಭಾಗವನ್ನು ಬಲಿಕೊಟ್ಟು ಇನ್ನೊಂದನ್ನು ಕಾಯುವ ಲೆಕ್ಕಾಚಾರವಿದು. ಅದಕ್ಕೆ ಬೆಲೆಯೂ ಇದೆ: ಇರುಳಿನ ನೋಟ, ಅಕ್ಕಪಕ್ಕದ ನೋಟ ಸ್ವಲ್ಪ ತಗ್ಗಬಹುದು.

1960ರಲ್ಲಿ ಅಮೆರಿಕದ ಥಿಯೊಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದಾಗ, ಅದನ್ನು ಏತಕ್ಕೆ ಬಳಸಬೇಕೆಂಬುದೇ ಹಲವರಿಗೆ ತಿಳಿದಿರಲಿಲ್ಲ. ಕಣ್ಣಿನ ವೈದ್ಯರಿಗೆ ಮಾತ್ರ ಗೊತ್ತಿತ್ತು. ಮೈಯರ್-ಶ್ವಿಕೆರಾತ್ ಹಾಕಿದ್ದ ಹಾದಿ ಕಣ್ಣಮುಂದೆಯೇ ಇದ್ದುದರಿಂದ ಮರುವರ್ಷವೇ ಮಾಣಿಕ್ಯದ ಲೇಸರ್ ಮನುಷ್ಯರ ಅಕ್ಷಿಪಟಲವನ್ನು ಮುಟ್ಟಿತು. 1960ರ ದಶಕದ ಕೊನೆಗೆ ರಕ್ತದ ಬಣ್ಣ ಚೆನ್ನಾಗಿ ಹೀರಿಕೊಳ್ಳುವ ಆರ್ಗಾನ್ ಲೇಸರ್ ಬಂದಿತು; ದೊಡ್ಡ ಕ್ಸೆನಾನ್ ಯಂತ್ರಗಳು ಮೂಲೆ ಸೇರಿದವು. ಆದರೂ ಈ ಸುಡುವಿಕೆ ನಿಜವಾಗಿ ಉಪಯೋಗಕ್ಕೆ ಬರುವುದೇ ಎಂಬ ಸಂಶಯ ಹೋಗಿರಲಿಲ್ಲ. ಅಮೆರಿಕದಲ್ಲಿ 1700ಕ್ಕೂ ಹೆಚ್ಚು ಮಧುಮೇಹಿಗಳ ಒಂದು ಕಣ್ಣಿಗೆ ಕ್ಸೆನಾನ್ ಅಥವಾ ಆರ್ಗಾನ್ ಬೆಳಕನ್ನು ಕೊಟ್ಟು, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡಿದರು. 1976ರಲ್ಲಿ ಬಂದ ಫಲಿತಾಂಶದಲ್ಲಿ, ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶವು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಹ್ಯಾಂಬರ್ಗ್‌ನ ಮಾಳಿಗೆಯ ಕನ್ನಡಿಗೆ ಆಗ ಮೂವತ್ತರ ಹತ್ತಿರ ವಯಸ್ಸು.

ಬೀದರ್‌ಗೆ ಆಸ್ಪತ್ರೆಯ ನಂಟು ಹಳೆಯದು. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಹದಿನೈದನೆಯ ಶತಮಾನದಲ್ಲಿ ಇಲ್ಲಿ ಬಡವರಿಗಾಗಿ ಚಿಕಿತ್ಸಾಲಯ ಕಟ್ಟಿಸಿದನೆಂದು ಫಿರಿಶ್ತಾ ಬರೆದಿದ್ದಾನೆ. ಇಂದಿನ ತೊಡಕು ಬೇರೆ. ಅಕ್ಷಿಪಟಲದ ಕಾಯಿಲೆ ಆರಂಭದಲ್ಲಿ ನೋಯುವುದಿಲ್ಲ, ನೋಟವನ್ನೂ ಕೆಡಿಸುವುದಿಲ್ಲ. ಹಾಗಾಗಿ ಮಧುಮೇಹವಿದೆಯೆಂದು ತಿಳಿದ ದಿನದಿಂದಲೇ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಕಣ್ಣು ತೋರಿಸಿಕೊಳ್ಳಬೇಕು. ಔರಾದ್ ಕಡೆಯ ಹಳ್ಳಿಯೊಬ್ಬ ಕೂಲಿಕಾರನಿಗೆ ಇದರರ್ಥ ಒಂದು ದಿನದ ಕೂಲಿ ಹೋಯಿತು; ಪಾಪೆ ಹಿಗ್ಗಿದ ಕಣ್ಣಿಗೆ ಗಂಟೆಗಟ್ಟಲೆ ಮಬ್ಬು ಕವಿಯುವುದರಿಂದ ಜೊತೆಗೆ ಬಂದವನ ಕೂಲಿಯೂ ಹೋಯಿತು. ದೊಡ್ಡ ಚಿಕಿತ್ಸೆಗೆ ಹೈದರಾಬಾದ್ ದಾರಿ ಹಿಡಿಯಬೇಕಾದರೆ ಖರ್ಚು ಇನ್ನೂ ಏರುತ್ತದೆ. 2005ರ ನಂತರ ಕಣ್ಣಿಗೆ ಕೊಡುವ ಚುಚ್ಚುಮದ್ದುಗಳು ಬಂದವು. ಅಕ್ಷಿಪಟಲದ ನಡುಭಾಗದ ಊತದಲ್ಲಿ ಅವು ಲೇಸರಿಗಿಂತ ಹೆಚ್ಚು ಫಲ ನೀಡುತ್ತವೆ. ಕೆಲವರಿಗೆ ದೃಷ್ಟಿ ಸುಧಾರಿಸುವುದೂ ಉಂಟು. ಆದರೆ ಅವನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ನಡುವೆ ಬಿಟ್ಟರೆ ಹೊಸ ನಾಳಗಳು ಮರಳಿ ತಲೆಯೆತ್ತುತ್ತವೆ. ಪದೇ ಪದೇ ಬರಲಾಗದ ರೋಗಿಗೆ, ಒಂದೆರಡು ಸಲಕ್ಕೆ ಮುಗಿದು ಬಹುಕಾಲ ಕಾಯುವ ಲೇಸರನ್ನೇ ವೈದ್ಯರು ಇಂದಿಗೂ ಆರಿಸುವುದು ಈ ಕಾರಣಕ್ಕೆ. ಭಾಲ್ಕಿಯ ರೋಗಿ ನೋಟ ಸುಧಾರಿಸಲಿಲ್ಲವೆಂದು ಎರಡನೆಯ ಸರದಿಗೆ ಬರದೇ ಹೋದರೆ, ಅರ್ಧಕ್ಕೆ ನಿಂತ ಆ ಚಿಕಿತ್ಸೆ ಅವನನ್ನು ಕಾಯಲಾರದು.

ಎಸ್ಸೆನ್‌ನಲ್ಲಿ ಮೈಯರ್-ಶ್ವಿಕೆರಾತ್ ಕಾಲು ಶತಮಾನ ಕೆಲಸ ಮಾಡಿದರು. ಕಣ್ಣಿನೊಳಗಿನ ಗಡ್ಡೆಗಳನ್ನು ಬೆಳಕಿನಿಂದ ಸುಡುವುದರಲ್ಲಿಯೂ ಅವರದೇ ಮೊದಲ ಹೆಜ್ಜೆ. ಕಣ್ಣು, ಹಲ್ಲು, ಬೆರಳುಗಳನ್ನು ಒಟ್ಟಿಗೆ ಬಾಧಿಸುವ ಒಂದು ಅಪರೂಪದ ಜನ್ಮಜಾತ ಕಾಯಿಲೆಗೂ ಅವರ ಹೆಸರು ಅಂಟಿಕೊಂಡಿದೆ. 1992ರ ಜನವರಿ 20ರಂದು ಅವರು ಎಸ್ಸೆನ್‌ನಲ್ಲಿಯೇ ತೀರಿಕೊಂಡರು. ಆಗಲೂ ಮೋದಿಯವರು ಕರ್ನಾಟಕದಲ್ಲಿ ಪೊರೆ ತೆಗೆಯುವ ಕಾಯಕವನ್ನು ಬಿಟ್ಟಿರಲಿಲ್ಲ.