ಸೈಕಲ್ಲಿಗೆ ಎಂಜಿನು ಹೊಂದಿಸಿದವನು: ಗಾಟ್ಲೀಬ್ ಡೈಮ್ಲರ್

ಏರು ದಾರಿಯಲ್ಲಿ ಸೈಕಲು ತಳ್ಳಿಕೊಂಡು ಶಾಲೆಗೆ ಬರುವ ಹುಡುಗರೆಲ್ಲರೂ, ಇದಕ್ಕೊಂದು ಸಣ್ಣ ಎಂಜಿನು ಕಟ್ಟಿದರೆ ಎಷ್ಟು ಚೆನ್ನಾಗಿತ್ತು ಎಂದು ಒಂದಲ್ಲ ಒಂದು ದಿನ ಯೋಚಿಸಿರುತ್ತಾರೆ. ಯೋಚನೆ ತಪ್ಪಲ್ಲ. ಆದರೆ ಎಂಜಿನನ್ನು ಕಟ್ಟುವುದಕ್ಕಿಂತ ಅದರ ಓಟವನ್ನು ಚಕ್ರಕ್ಕೆ ಹೊಂದಿಸುವುದು ಕಷ್ಟದ ಕೆಲಸ. ನೂರು ವರ್ಷಗಳಿಗೂ ಹಿಂದೆ ಆ ಕಷ್ಟವನ್ನು ಎದುರಿಸಿ ಗೆದ್ದ ಜರ್ಮನಿಯ ಗಾಟ್ಲೀಬ್ ಡೈಮ್ಲರನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಡೈಮ್ಲರನು 1834ನೆಯ ಮಾರ್ಚ್ 17ರಂದು ಷೋರ್ನ್‌ಡಾರ್ಫ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದನು. ತಂದೆ ರೊಟ್ಟಿ ಸುಟ್ಟು ಮಾರುವ ಕಸುಬಿನವನು. ಮಗ ಆ ಕಸುಬನ್ನು ಹಿಡಿಯದೆ ಬಂದೂಕು ಮಾಡುವವನ ಬಳಿ ಕೆಲಸ ಕಲಿತನು. ಕಬ್ಬಿಣವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಅರದಿಂದ ಉಜ್ಜುವ ಕೈಚಳಕ ಅಲ್ಲಿ ಬಂದಿತು. ಆಮೇಲೆ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯದಲ್ಲಿ ಓದಿದನು. ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಯಂತ್ರಶಾಲೆಗಳಲ್ಲಿ ದುಡಿದು ಅನುಭವ ಗಳಿಸಿದನು.

ಊರಿನ ಕಡೆಗೆ ಮರಳಿದ ಮೇಲೆ ರಾಯ್ಟ್‌ಲಿಂಗೆನ್ ಎಂಬಲ್ಲಿಯ ಒಂದು ಅನಾಥಾಶ್ರಮದ ಕಾರ್ಖಾನೆಯ ಉಸ್ತುವಾರಿ ಅವನಿಗೆ ದೊರೆಯಿತು. ಅಲ್ಲಿ ಬೆಳೆಯುತ್ತಿದ್ದ ತಬ್ಬಲಿ ಹುಡುಗ ವಿಲ್‌ಹೆಲ್ಮ್ ಮೇಬಾಕನ ಜಾಣತನ ಡೈಮ್ಲರನ ಕಣ್ಣಿಗೆ ಬಿದ್ದಿತು. ಅಂದಿನಿಂದ ಡೈಮ್ಲರನ ಕೊನೆಯವರೆಗೂ ಅವರಿಬ್ಬರೂ ಜೊತೆಗಾರರು. 1872ರಲ್ಲಿ ಡೈಮ್ಲರನು ಡಾಯ್ಟ್ಸಿನ ಗ್ಯಾಸ್ ಎಂಜಿನು ಕಾರ್ಖಾನೆ ಸೇರಿದಾಗ ಮೇಬಾಕನೂ ಅಲ್ಲಿಗೆ ಬಂದನು. ನಿಕೊಲೌಸ್ ಆಟೋ ಎಂಬಾತನು 1876ರಲ್ಲಿ ಪ್ರಸಿದ್ಧವಾದ ನಾಲ್ಕು ಹೊಡೆತದ ಎಂಜಿನನ್ನು ಸಿದ್ಧಪಡಿಸಿದ್ದು ಆ ಕಾರ್ಖಾನೆಯಲ್ಲಿಯೇ. ಆದರೆ ಅದು ನೆಲಕ್ಕೆ ಬಿಗಿದು ನಿಲ್ಲಿಸಬೇಕಾದ ಭಾರದ ಯಂತ್ರ, ತಿರುಗುವುದೂ ನಿಧಾನ. ಗಾಡಿಗೂ ದೋಣಿಗೂ ಹೊಂದುವ ಹಗುರವಾದ ಎಂಜಿನು ಬೇಕೆಂಬುದು ಡೈಮ್ಲರನ ಹಂಬಲ. ಆಟೋನೊಡನೆ ಮನಸ್ತಾಪ ಬೆಳೆದು 1882ರಲ್ಲಿ ಆ ದೊಡ್ಡ ಹುದ್ದೆಯನ್ನೇ ಬಿಟ್ಟನು. ಆಗ ಅವನಿಗೆ ನಲವತ್ತೆಂಟು ವರ್ಷ.

ಕಾನ್‌ಸ್ಟಾಟ್ ಎಂಬಲ್ಲಿ ಮನೆ ಕೊಂಡು, ತೋಟದಲ್ಲಿದ್ದ ಗಾಜಿನ ಗಿಡಮನೆಯನ್ನೇ ಕಾರ್ಯಾಗಾರ ಮಾಡಿಕೊಂಡನು. ಬಾಗಿಲು ಮುಚ್ಚಿ ಹಗಲೂ ರಾತ್ರಿಯೂ ನಡೆಯುತ್ತಿದ್ದ ಕುಟ್ಟಾಟದ ಸದ್ದು ಕೇಳಿ, ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆಂದು ತೋಟದ ಮಾಲಿಗೆ ಸಂಶಯ ಬಂದಿತಂತೆ. ಪೋಲೀಸರು ಬಂದು ಶೋಧಿಸಿದಾಗ ಸಿಕ್ಕಿದ್ದು ಎಂಜಿನಿನ ಭಾಗಗಳೂ ಹತಾರಗಳೂ ಮಾತ್ರ ಎಂದು ಹೇಳುತ್ತಾರೆ.

ಅಲ್ಲಿ ತಯಾರಾದ ಎಂಜಿನಿನ ಶಕ್ತಿ ಬರಿಯ ಅರ್ಧ ಅಶ್ವಶಕ್ತಿ. ವೇಗ ಮಾತ್ರ ನಿಮಿಷಕ್ಕೆ ಸುಮಾರು 600 ಸುತ್ತು. ಎಂಜಿನು ಚಿಕ್ಕದಾಗಬೇಕಾದರೆ ಅದು ಬೇಗ ತಿರುಗಬೇಕು; ಒಂದೊಂದು ಹೊಡೆತ ದುರ್ಬಲವಾದರೂ ಹೊಡೆತಗಳು ಬಹಳವಿರಬೇಕು. ಇದೇ ಡೈಮ್ಲರನ ಗುಟ್ಟು. ಆದರೆ ತೊಡಕು ಹುಟ್ಟುವುದೂ ಇಲ್ಲಿಯೇ.

ವಿದ್ಯಾರ್ಥಿಗಳೇ, ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಸುತ್ತಿಗೆ ಎರಡು ಮೀಟರು ಸಾಗುವ ಚಕ್ರಕ್ಕೆ ಈ ಎಂಜಿನನ್ನು ನೇರವಾಗಿ ಜೋಡಿಸಿದೆವೆನ್ನಿ. ನಿಮಿಷಕ್ಕೆ 1,200 ಮೀಟರು, ಎಂದರೆ ಗಂಟೆಗೆ 72 ಕಿಲೋಮೀಟರು ಆಯಿತು. ಅರ್ಧ ಅಶ್ವಶಕ್ತಿಗೆ ಇದು ಆಗದ ಮಾತು. ಗಾಡಿ ಕದಲುವ ಮೊದಲೇ ಎಂಜಿನು ಉಸಿರು ಕಟ್ಟಿ ನಿಂತುಹೋಗುತ್ತದೆ. ಆದುದರಿಂದ ವೇಗವನ್ನು ತಗ್ಗಿಸಿ, ತಗ್ಗಿಸಿದಷ್ಟೂ ಬಲವನ್ನು ಪಡೆಯಬೇಕು. ಎಂಜಿನು ಆರು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗಿದರೆ ವೇಗ ಗಂಟೆಗೆ 12 ಕಿಲೋಮೀಟರಿಗೆ ಇಳಿಯುತ್ತದೆ; ಚಕ್ರವನ್ನು ತಿರುಗಿಸುವ ಬಲ, ತಿಕ್ಕಾಟದಲ್ಲಿ ಹೋಗುವುದನ್ನು ಬಿಟ್ಟರೆ, ಆರು ಪಟ್ಟು ಏರುತ್ತದೆ. ಹನ್ನೆರಡು ಸುತ್ತಿಗೆ ಒಂದಾದರೆ ವೇಗ 6 ಕಿಲೋಮೀಟರು, ಬಲ ಹನ್ನೆರಡು ಪಟ್ಟು.

ನಮ್ಮ ಸೈಕಲಿನ ರೀತಿ ಇದಕ್ಕೆ ತಿರುವುಮುರುವು. ಶಾಲೆಯ ಒಂದು ಸೈಕಲಿನ ಹಲ್ಲುಗಳನ್ನು ನಾವು ಎಣಿಸಿದೆವು: ಪೆಡಲಿನ ಚಕ್ರಕ್ಕೆ 48, ಹಿಂದಿನ ಫ್ರೀವೀಲಿಗೆ 18. ಕಾಲು ಒಂದು ಸುತ್ತು ತುಳಿದರೆ ಹಿಂಚಕ್ರ ಎರಡೂವರೆ ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಕಾಲಿಗೆ ಬಲವಿದೆ, ವೇಗವಿಲ್ಲ. ಆದ್ದರಿಂದ ವೇಗವನ್ನು ಕೊಳ್ಳುತ್ತೇವೆ. ಸಣ್ಣ ಎಂಜಿನಿಗೆ ವೇಗವಿದೆ, ಬಲವಿಲ್ಲ. ಅದಕ್ಕೆ ಬಲವನ್ನು ಕೊಳ್ಳಬೇಕು.

1885ರಲ್ಲಿ ಡೈಮ್ಲರನೂ ಮೇಬಾಕನೂ ಮರದ ಚೌಕಟ್ಟಿನ ಎರಡು ಚಕ್ರದ ಗಾಡಿಯಲ್ಲಿ ಈ ಎಂಜಿನನ್ನಿಟ್ಟರು. ಬೀಳದಿರಲು ಅಕ್ಕಪಕ್ಕದಲ್ಲಿ ಎರಡು ಪುಟ್ಟ ಚಕ್ರಗಳಿದ್ದವು. ವೇಗವನ್ನು ಅವರು ಎರಡು ಹಂತಗಳಲ್ಲಿ ತಗ್ಗಿಸಿದರು. ಮೊದಲು ಎಂಜಿನಿನಿಂದ ಬೆಲ್ಟಿನ ಮೂಲಕ ನಡುವಣ ಒಂದು ದಂಡಕ್ಕೆ. ಬಳಿಕ ಆ ದಂಡದ ಸಣ್ಣ ಹಲ್ಲುಚಕ್ರದಿಂದ, ಹಿಂಚಕ್ರಕ್ಕೆ ಕೂಡಿಸಿದ ದೊಡ್ಡ ಹಲ್ಲಿನ ಬಳೆಗೆ. ಬೆಲ್ಟೊಂದರಿಂದಲೇ ಅಷ್ಟು ತಗ್ಗಿಸಹೋದರೆ ಒಂದು ರಾಟೆ ಬಹಳ ದೊಡ್ಡದಾಗಬೇಕು, ಇಲ್ಲವೆ ಇನ್ನೊಂದು ತೀರ ಚಿಕ್ಕದಾಗಬೇಕು. ಚಿಕ್ಕ ರಾಟೆಯ ಮೇಲೆ ಬೆಲ್ಟು ಜಾರುತ್ತದೆ. ಹಲ್ಲು ಜಾರುವುದಿಲ್ಲ. ಬೆಲ್ಟಿಗೆ ಬೇರೆ ಬೇರೆ ಅಳತೆಯ ರಾಟೆಗಳಿದ್ದುದರಿಂದ 6 ಕಿಲೋಮೀಟರಿನ ಓಟವನ್ನಾಗಲಿ 12ರ ಓಟವನ್ನಾಗಲಿ ಆರಿಸಿಕೊಳ್ಳಬಹುದಿತ್ತು. ಆ ವರ್ಷದ ನವೆಂಬರಿನಲ್ಲಿ ಡೈಮ್ಲರನ ಮಗನು ಅದನ್ನೇರಿ ನೆರೆಯ ಉಂಟರ್‌ಟುರ್ಕ್‌ಹೈಮಿಗೆ ಹೋಗಿಬಂದನು. ಲೋಕದ ಮೊದಲ ಪೆಟ್ರೋಲು ಮೋಟಾರ್ ಸೈಕಲು ಅದೇ ಎಂದು ಬಹುಮಂದಿ ಎಣಿಸುತ್ತಾರೆ.

ಮರುವರ್ಷ ಕುದುರೆಗಾಡಿಗೂ ದೋಣಿಗೂ ಎಂಜಿನು ಏರಿತು. 1889ರ ಗಾಡಿಯಲ್ಲಿ ಬೆಲ್ಟಿಗೆ ಬದಲಾಗಿ ಹಲ್ಲುಚಕ್ರಗಳ ನಾಲ್ಕು ಗೇರು ಬಂದವು. ಆದರೆ ಬಾಳಿನ ದಾರಿ ಏರುತಗ್ಗಾಗಿತ್ತು. ಅದೇ ವರ್ಷ ಪತ್ನಿ ತೀರಿಕೊಂಡಳು. ಅವನಿಗೂ ಹೃದಯದ ಬೇನೆ ಇತ್ತು. 1890ರಲ್ಲಿ ತನ್ನದೇ ಹೆಸರಿನಲ್ಲಿ ಹುಟ್ಟಿದ ಕಂಪೆನಿಯಲ್ಲಿ ಹಣ ಹಾಕಿದವರೊಡನೆ ಜಗಳವಾಗಿ ಹೊರಬೀಳಬೇಕಾಯಿತು. 1895ರಲ್ಲಿ ಮರಳಿ ಬಂದನು. 1900ನೆಯ ಮಾರ್ಚ್ 6ರಂದು ಕಾಲವಾದನು. ಆ ಮೊದಲ ಮರದ ಗಾಡಿಯೂ 1903ರ ಕಾರ್ಖಾನೆಯ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗ ವಸ್ತುಸಂಗ್ರಹಾಲಯಗಳಲ್ಲಿ ಕಾಣುವುದು ಅದರ ಪ್ರತಿಕೃತಿಗಳನ್ನು.

ಬೇಗ ಓಡುವ ಎಂಜಿನನ್ನು ಬಯಸಿದವನೇ, ಗಾಡಿ ಮುಂದೆ ಸಾಗಲೆಂದು ಆ ವೇಗದ ಬಹುಪಾಲನ್ನು ಬಿಟ್ಟುಕೊಟ್ಟನು. ಮಕ್ಕಳು ಈ ರಜೆಯಲ್ಲಿ ತಮ್ಮ ಮನೆಯ ಸೈಕಲಿನ ಹಲ್ಲುಗಳನ್ನು ಎಣಿಸಿ ಭಾಗಿಸಿ ನೋಡಲಿ. ತಾಯಿತಂದೆಯರು ಕೈ ಮಸಿಯಾಯಿತೆಂದು ಗದರದಿರಲಿ ಎಂಬುದೇ ನಮ್ಮ ಕೋರಿಕೆ.