ಮಿರಜದ ವೈದ್ಯರಾದ ಸರ್ ವಿಲಿಯಂ ವಾನ್ಲೆಸರು

ನಮ್ಮ ಕಬ್ಬೂರಿನ ಕಡೆಯಿಂದ ರೋಗಿಗಳನ್ನು ಮಿರಜಕ್ಕೆ ಕರೆದೊಯ್ಯುವ ವಾಡಿಕೆಯು ಬಹಳ ಹಳೆಯದು. ರಾಯಬಾಗದಲ್ಲಾಗಲಿ ಕುಡಚಿಯಲ್ಲಾಗಲಿ ರೈಲು ಹತ್ತಿ ಕೃಷ್ಣಾ ಹೊಳೆಯನ್ನು ದಾಟಿದರೆ ಮಿರಜವು ದೂರವಲ್ಲ. ಆ ಊರಿಗೆ ವೈದ್ಯದಲ್ಲಿ ಹೆಸರು ತಂದವರು ಡಾಕ್ಟರ್ ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬವರು. ಈಗ ವೈದ್ಯವಿದ್ಯೆಯನ್ನು ಕಲಿಯುವ ಹುಡುಗರು ಬೇಸಿಗೆಯ ರಜೆಯಲ್ಲಿ ಪರದೇಶಕ್ಕೆ ಹೋಗಿ ಸೇವೆಮಾಡಿ ಬರುವೆವೆಂದು ಹಂಚಿಕೆ ಹಾಕುವದುಂಟು. ಅಂಥವರೂ ಅವರ ತಂದೆತಾಯಿಗಳೂ ಇವರ ಚರಿತ್ರೆಯನ್ನು ಅರಿಯತಕ್ಕದ್ದು.

ವಾನ್ಲೆಸರು 1865ರಲ್ಲಿ ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ ಹುಟ್ಟಿದರು. ಅವರು ಯೌವನಸ್ಥರಾಗಿದ್ದಾಗ ಅಮೇರಿಕದ ವಿದ್ಯಾರ್ಥಿಗಳಲ್ಲಿ ಒಂದು ಹೊಸ ಹುರುಪು ಹುಟ್ಟಿತ್ತು. 1886ರ ಬೇಸಿಗೆಯಲ್ಲಿ ಮೌಂಟ್ ಹರ್ಮನ್ ಎಂಬಲ್ಲಿ ರಜೆಯ ದಿವಸಗಳನ್ನು ಸತ್ಯವೇದದ ಅಭ್ಯಾಸದಲ್ಲಿ ಕಳೆಯಲು ಕೂಡಿದ್ದವರೊಳಗೆ ನೂರು ಮಂದಿ ವಿದ್ಯಾರ್ಥಿಗಳು ಪರದೇಶದ ಸೇವೆಗೆ ಹೋಗುವೆವೆಂದು ಒಪ್ಪಿಕೊಟ್ಟರು. ಆ ಹುರುಪಿನ ಕಾಲದಲ್ಲಿಯೇ ವಾನ್ಲೆಸರು ನ್ಯೂಯಾರ್ಕಿನಲ್ಲಿ ವೈದ್ಯವಿದ್ಯೆಯನ್ನು ಓದಿದರು. ಆಗ ಪರದೇಶವೆಂದರೆ ಹಡಗಿನಲ್ಲಿ ಅನೇಕ ವಾರಗಳ ಪ್ರಯಾಣ; ರಜೆಗೆ ಹೋಗಿಬರುವ ಮಾತೇ ಇರಲಿಲ್ಲ. 1889ರಲ್ಲಿ ಅವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅದೇ ವರ್ಷ ಅಮೇರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನವರಿಂದ ಕಳುಹಿಸಲ್ಪಟ್ಟು ಹಿಂದೂದೇಶಕ್ಕೆ ಬಂದರು. ಅವರ ಪರದೇಶವು ನಮ್ಮ ಸೀಮೆಯೇ ಆಯಿತು.

ಪರೀಕ್ಷೆಯು ಮುಗಿದ ಮೇಲೆಯೇ ಬಂದರೆಂಬದನ್ನು ಗಮನಿಸಿರಿ. ಓದು ಮುಗಿಯದ ಹುಡುಗನು ದೂರದೇಶದಲ್ಲಿ ನೋಡಿ ಕಲಿಯಬಹುದು, ರೋಗಿಯ ಮಂಚವನ್ನು ಹೊರಬಹುದು. ಆದರೆ ತನ್ನ ಊರಿನಲ್ಲಿ ಹಿಡಿಯಬಾರದ ಕತ್ತಿಯನ್ನು ಬಡವರ ಮೈಮೇಲೆ ಹಿಡಿಯುವದು ಸೇವೆಯಲ್ಲ.

ಮೊದಲು ಸಾಂಗಲಿಯಲ್ಲಿ ಒಂದು ಸಣ್ಣ ದವಾಖಾನೆ. ಅಲ್ಲಿಂದ ಮಿರಜ. ಮಿರಜದ ಅರಸರು ಸ್ಥಳವನ್ನು ಕೊಟ್ಟರು; ಫಿಲಡೆಲ್ಫಿಯದ ಜಾನ್ ಕನ್ವರ್ಸ್ ಎಂಬ ಧನಿಕರು ಹಣ ಕೊಟ್ಟರು; 1894ರಲ್ಲಿ ಆಸ್ಪತ್ರೆಯು ತೆರೆಯಲ್ಪಟ್ಟಿತು. ನೋವು ಎಲ್ಲಿದೆ, ಎಷ್ಟು ದಿನದಿಂದ ಎಂದು ಕೇಳಿ ಉತ್ತರವನ್ನು ತಿಳಿಯಲಾರದ ವೈದ್ಯನು ಅರ್ಧ ಕುರುಡನೇ. ಆದಕಾರಣ ಈ ದೇಶಕ್ಕೆ ಬಂದ ವೈದ್ಯನು ಪುನಃ ಬಾಲಕನಂತೆ ಅಕ್ಷರ ತಿದ್ದಬೇಕಾಗಿತ್ತು. ಅದು ಎರಡು ತಿಂಗಳಿನ ಕೆಲಸವಲ್ಲ.

ಕಣ್ಣಿನ ಪೊರೆಯ ಚಿಕಿತ್ಸೆಯಿಂದ ಅವರ ಕೀರ್ತಿಯು ಹಬ್ಬಿತು. ಕಣ್ಣಿನೊಳಗಿನ ಸ್ವಚ್ಛವಾದ ಮಸೂರವು ಮುಪ್ಪಿನಲ್ಲಿ ಹಾಲಿನಂತೆ ಮಬ್ಬಾಗಿ ಬೆಳಕನ್ನು ತಡೆಯುತ್ತದೆ. ಆ ಕಾಲದಲ್ಲಿ ಕರಿಗುಡ್ಡೆಯ ಅಂಚನ್ನು ಕೊಯ್ದು ಅದನ್ನು ಹೊರಗೆ ತೆಗೆಯುತ್ತಿದ್ದರು. ಅನಂತರ ದಪ್ಪ ಕನ್ನಡಕವನ್ನು ಹಾಕಿದರೆ ರೋಗಿಗೆ ಕಾಣುತ್ತಿತ್ತು. ಕತ್ತಿಯೆಂದರೆ ಜನರಿಗೆ ಪ್ರಾಣಭಯ. ಆದರೆ ಕೋಲು ಹಿಡಿಸಿಕೊಂಡು ಹೋದ ಮುದುಕನು ತಾನೇ ದಾರಿ ನೋಡುತ್ತ ಮನೆಗೆ ಬಂದರೆ ಊರಿಗೆ ಬೇರೆ ಸಾಕ್ಷಿ ಯಾಕೆ ಬೇಕು? ಬೆಳಗಾವಿ ಸೀಮೆಯ ಕನ್ನಡದವರೂ ಮಿರಜದ ದಾರಿ ಹಿಡಿದರು.

ಅವರ ಕೆಲಸಗಳಲ್ಲಿ ನನಗೆ ಎಲ್ಲಕ್ಕೂ ದೊಡ್ಡದಾಗಿ ತೋರುವದು ಆಸ್ಪತ್ರೆಯಲ್ಲ, 1897ರಲ್ಲಿ ತೊಡಗಿದ ವೈದ್ಯಶಾಲೆಯೇ. ಒಬ್ಬ ವೈದ್ಯನಿಗೆ ಇರುವವು ಎರಡೇ ಕೈಗಳು. ಈ ದೇಶದ ಯೌವನಸ್ಥರನ್ನು ಕೂಡ್ರಿಸಿಕೊಂಡು ಕಲಿಸಿದ್ದರಿಂದ ಅವರು ತಮ್ಮ ಜನರ ಭಾಷೆಯಲ್ಲಿಯೇ ಮಾತಾಡಿ ಔಷಧ ಕೊಡುವವರಾಗಿ ಬೇರೆ ಬೇರೆ ಮಿಷನ್ ಆಸ್ಪತ್ರೆಗಳಿಗೆ ಹೋದರು. ಕುಷ್ಠರೋಗಿಗಳಿಗೂ ಕ್ಷಯರೋಗಿಗಳಿಗೂ ಬೇರೆ ಆಶ್ರಯಗಳು ಉಂಟಾದವು.

ಹೀಗೆ ಸುಮಾರು 40 ವರ್ಷ ದುಡಿದು, 1928ರಲ್ಲಿ ಸರ್ ಎಂಬ ಬಿರುದನ್ನು ಹೊಂದಿ, ವಾನ್ಲೆಸರು ಸಮುದ್ರದಾಚೆಗೆ ಮರಳಿದರು. 1933ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕರ್ತನಲ್ಲಿ ನಿದ್ರೆಹೋದರು. ಸಾಂಗಲಿ ಮಿರಜಗಳ ನಡುವೆ ಕ್ಷಯರೋಗಿಗಳ ಆಶ್ರಯವಿದ್ದ ಸ್ಥಳಕ್ಕೆ ಜನರು ಇಂದಿಗೂ ವಾನ್ಲೆಸವಾಡಿ ಎಂದೇ ಅನ್ನುತ್ತಾರೆ.